ಬಾಲಯೇಸುವಿನ ಅಂತರಿಕ್ಷ ಕವಚ

“ಬರೋ ಕಾಂದೆಲಾರಿಯಾ ಹಬ್ಬದ ಸಂಜೆ ನನ್ನ ನೋಡಿ ಪ್ಯೂಬ್ಲಾ ಊರಿಗೆ ಊರೇ ಮೂಗಿನ ಮೇಲೆ ಬೆರಳಿಡದೇ ಇದ್ರೆ, ನನ್ನ ಹೆಸರು ರುತಿಲಿಯೊನೇ ಅಲ್ಲ!”

ಈ ಶಪಥ ಮಾಡುವಾಗ ರುತಿಲಿಯೊನ ಒಂದು ಕೈಯಲ್ಲಿ ಕಾಫಿ ಲೋಟವಿತ್ತು, ಇನ್ನೊಂದು ಕೈ ಆಕಾಶದ ಕಡೆಗಿತ್ತು. ಕೇಳಿಸಿಕೊಂಡವಳು ಹೆಂಡತಿ ನಾಯೆಲಿ ಒಬ್ಬಳೇ. ಅವಳ ಎರಡು ಕೈಗಳೂ ತಾರಸಿಯ ಒಗೆಯುವ ಕಲ್ಲಿನ ಮೇಲೆ ಸೋಪಿನ ನೊರೆಯಲ್ಲಿದ್ದವು.

“ಹೆಸರು ಯಾವ್ದಾದ್ರೂ ಇಟ್ಕೊ ಮಾರಾಯ, ಆ ಲೋಟ ಮಾತ್ರ ತೊಳೆದಿಡು,” ಎಂದಳು.

ಹಬ್ಬದ ಸಂಜೆ ಊರ ಸಭಾಂಗಣದಲ್ಲಿ ಬಾಹ್ಯಾಕಾಶದ ಹುಚ್ಚು ಹಿಡಿದವರೆಲ್ಲ ಸೇರಿ ವೇಷಸ್ಪರ್ಧೆ ನಡೆಸುವವರಿದ್ದರು. ರುತಿಲಿಯೊ ಅದರಲ್ಲಿ ಗ್ಯಾಲಕ್ಸಿಯ ಮಹಾದಂಡನಾಯಕನಾಗಿ, ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟು ಅವತರಿಸುವವನಿದ್ದ. ಕವಚವನ್ನು ಕೊಳ್ಳುವುದು ಹೇಡಿಗಳ ಕೆಲಸ. ಅವನು ಮನೆಯಲ್ಲೇ ಮಾಡುತ್ತಾನೆ! ಅದಕ್ಕೆಂದೇ ವರ್ಷದ ಕೊನೆಯ ಬೋನಸ್ಸಿನಲ್ಲಿ ತ್ರೀ-ಡಿ ಪ್ರಿಂಟರ್ ತಂದಿದ್ದ. ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಎಳೆಯ ಮೇಲೆ ಎಳೆ ಕೂರಿಸಿ, ಕೇಳಿದ ಆಕಾರ ಕಟ್ಟಿಕೊಡುವ ಯಂತ್ರ.

ಆ ಬೋನಸ್ಸಿನಲ್ಲಿ ಬರಬೇಕಾಗಿದ್ದದ್ದು ವಾಷಿಂಗ್ ಮೆಷಿನ್. ಅದಕ್ಕಾಗಿ ನಲ್ಲಿ ಹಾಕಿಸಿ, ನೀರು ಹೋಗಲು ಕೊಳವೆಯನ್ನೂ ಕೂರಿಸಿಯಾಗಿತ್ತು. ಈಗ ಆ ನಲ್ಲಿಗೂ ಕೊಳವೆಗೂ ನಡುವೆ ಪ್ರಿಂಟರ್ ಹಾಯಾಗಿ ಕೂತಿತ್ತು. ಊರ ಪಕ್ಕದ ಜ್ವಾಲಾಮುಖಿ ಪೋಪೊ ಮನಸ್ಸು ಬಂದಾಗಲೆಲ್ಲ ಕೆಮ್ಮುತ್ತದೆ, ಒಣಹಾಕಿದ ಬಟ್ಟೆಯ ಮೇಲೆಲ್ಲ ಬೂದಿ ಬೀಳುತ್ತದೆ, ನಾಯೆಲಿ ಮತ್ತೆ ಒಗೆಯುತ್ತಾಳೆ. ಒಂದೊಂದು ಸಲ ಒಗೆಯುವಾಗಲೂ ಪ್ರಿಂಟರಿನ ಕಡೆ ಒಂದು ನೋಟ ಬಿಸಾಡುತ್ತಾಳೆ. ಆ ನೋಟಕ್ಕೆ ಕರಗದೆ ಉಳಿದದ್ದೇ ಆ ಪ್ಲಾಸ್ಟಿಕ್ಕಿನ ದೊಡ್ಡಸ್ತಿಕೆ.

ಪ್ರಿಂಟರ್ ಕಿರ್‍ರ್ ಎಂದು ದಿನವಿಡೀ ನರಳಿ ಮೊದಲು ಕೊಟ್ಟದ್ದು ಒಂದು ಮೊಣಕೈ ಚಿಪ್ಪು. ಕೆಳಗಿನ ಮನೆಯಲ್ಲಿರುವ ಅತ್ತೆ ಎನೆದಿನಾ ಮೆಟ್ಟಿಲು ಹತ್ತಿ ಬಂದು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟು ಹೊತ್ತು ನರಳಿ ಇದೊಂದೇನಾ ಹೆತ್ತಿದ್ದು? ನಾನು ಅಷ್ಟೊತ್ತಲ್ಲಿ ನಾಯೆಲೀನ ಹೆತ್ತು, ಎದ್ದು ಅಡುಗೆನೂ ಮಾಡಿದ್ದೆ!”

ಎದೆಕವಚ ಬಂದಾಗ ಅದು ಹೊಟ್ಟೆಯ ಅರ್ಧದಾರಿಯಲ್ಲೇ ನಿಂತುಬಿಟ್ಟಿತು. ಅಳತೆ ತೆಗೆಯುವಾಗ ರುತಿಲಿಯೊ ಉಸಿರು ಬಿಗಿಹಿಡಿದಿದ್ದ. “ಓಹೋ, ದಂಡನಾಯಕರು ಯುದ್ಧ ಮುಗಿಯೋವರೆಗೂ ಉಸಿರಾಡಲ್ಲ ಅನ್ನು,” ಎಂದಳು ನಾಯೆಲಿ. ಅಂದ ಹಾಗೆ, ಈತನ ಉದ್ಯೋಗ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಮುಖದ ಅಳತೆ ತೆಗೆಯುವುದು!

ಅತ್ತೆ ಅವನನ್ನು ಕರೆಯುತ್ತಿದ್ದದ್ದೂ ಹಾಗೆಯೇ: “ಆ ಕನ್ನಡಕದಂಗಡಿಯವನು.” ಹಾಲಿನವನು, ಬಸ್ಸಿನ ಡ್ರೈವರು, ನಲ್ಲಿ ರಿಪೇರಿಗೆ ಬಂದವನು, ಎಲ್ಲರೂ ಎನೆದಿನಾ ಬಾಯಲ್ಲಿ ‘ಮಗನೇ’. ಬೀದಿಯ ನಾಯಿ ಕೂಡ ‘ಮಗನೇ’. ಮಗಳನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ ರುತಿಲಿಯೊಗೆ ಆ ಭಾಗ್ಯ ಬಂದಿರಲಿಲ್ಲ. ನಗುತ್ತಲೇ ಇದ್ದನಾದರೂ, ಅದು ಅವನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಈ ವರ್ಷ ಆ ಭಾಗ್ಯಕ್ಕೆ ಒಂದು ದಾರಿ ತೆರೆದಿತ್ತು, ಅದೂ ಅವನ ಇಷ್ಟಕ್ಕೆ ವಿರುದ್ಧವಾಗಿ. ಜನವರಿಯ ಮೂರು ರಾಜರ ಹಬ್ಬದಲ್ಲಿ ಬಳೆಯಾಕಾರದ ಸಿಹಿ ರೊಟ್ಟಿ ಕತ್ತರಿಸುತ್ತಾರೆ. ಒಳಗೆ ಬೆರಳ ಗೆಣ್ಣಿನಷ್ಟು ಪುಟ್ಟ ಗೊಂಬೆ ಅಡಗಿರುತ್ತದೆ. ಯಾರ ತುಂಡಿನಲ್ಲಿ ಗೊಂಬೆ ಸಿಕ್ಕಿತೋ ಅವರು ಫೆಬ್ರವರಿಯ ಕಾಂದೆಲಾರಿಯಾ ದಿನ ಎಲ್ಲರಿಗೂ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು ಬಡಿಸಬೇಕು, ಮನೆಯ ಬಾಲಯೇಸುವಿನ ಮೂರ್ತಿಗೆ ಧರ್ಮತಂದೆಯಾಗಿ ಹೊಸ ಉಡುಪು ತೊಡಿಸಿ ಚರ್ಚಿಗೆ ಕಳಿಸಬೇಕು. ಗೊಂಬೆ ಹಲ್ಲಿಗೆ ತಾಗಿದ ಕೂಡಲೇ ರುತಿಲಿಯೊ ಅದನ್ನು ನಾಲಿಗೆಯಡಿ ತಳ್ಳಿ, ಏನೂ ಆಗದವನಂತೆ ಚಾವಣಿ ನೋಡಿದ.

“ಬಾಯಿ ತೆಗಿ,” ಎಂದರು ಎನೆದಿನಾ.

ತೆಗೆದ. ಧರ್ಮತಂದೆಯಾದ.

ಎನೆದಿನಾ ಮನೆಯ ಬಾಲಯೇಸು ಅಜ್ಜಿಯ ಕಾಲದ್ದು. ಪ್ಲಾಸ್ಟರಿನ ಮೈ, ಗಾಜಿನ ಕಣ್ಣು, ಹಣೆಯ ತುಂಬ ಗುಂಗುರು ಕೂದಲು. ಹಿಂದೊಮ್ಮೆ ರುತಿಲಿಯೊನ ಷಡ್ಡಕ ಗಾಬಿನೊ ಧೂಳು ಒರೆಸಲು ಹೋಗಿ ಅದರ ಕಿರುಬೆರಳು ಮುರಿದಿದ್ದ. ಅಂದಿನಿಂದ ಇಡೀ ಮನೆಯಲ್ಲಿ ಅವನಿಗೆ ‘ಹೆರೋದ’ ಎಂದೇ ಹೆಸರು. ಕೂಸುಗಳನ್ನು ಕೊಲ್ಲಿಸಿದ ಆ ರಾಜನ ಬಿರುದು, ಒಂದು ಕಿರುಬೆರಳಿಗೆ! ಇನ್ನು ಹೆಚ್ಚು ಮುರಿದರೆ ಏನೆಂದು ಕರೆದಾರು?

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಎನೆದಿನಾ ಬಾಲಯೇಸುವನ್ನು ಬುಟ್ಟಿಯಲ್ಲಿ ತಂದು ಮೇಜಿನ ಮೇಲಿಟ್ಟರು. “ನಾಳೆ ಬೆಳಿಗ್ಗೆ ಗಂಟೆ ಹೊಡೆಯೋ ಹೊತ್ತಿಗೆ ಮಗು ತಯಾರಿರಬೇಕು. ಉಗುರು ತಾಗಿಸಿದ್ರೆ ನೋಡು ಮತ್ತೆ,” ಎಂದು ಹೋದರು. ಬಿಳಿ ರೇಷ್ಮೆಯ ನಿಲುವಂಗಿ ಸಿದ್ಧವಿತ್ತು. ಎರಡು ನಿಮಿಷದ ಕೆಲಸ.

ಆದರೆ ಅದೇ ಮೇಜಿನ ಮೇಲೆ ರುತಿಲಿಯೊನ ಶಿರಸ್ತ್ರಾಣಗಳೂ ಇದ್ದವು. ದೊಡ್ಡದು ಅವನದು, ಬಣ್ಣ ಒಣಗುತ್ತಿತ್ತು. ಚಿಕ್ಕದು ಪರೀಕ್ಷೆಗೆಂದು ಮಾಡಿದ ನಮೂನೆ. ಎರಡಕ್ಕೂ ಮೇಲಕ್ಕೆತ್ತಿದರೆ ತೆರೆಯುವ ಮುಖದ ಕದ. ಎರಡಕ್ಕೂ ಕೊರಳ ಸುತ್ತ ಅವನೇ ಕಲ್ಪಿಸಿದ ಕೊಂಡಿಗಳು, ಯುದ್ಧದಲ್ಲಿ ಶತ್ರು ಎಷ್ಟು ಎಳೆದರೂ ಕಳಚಬಾರದೆಂದು! ಚಿಕ್ಕದನ್ನು ಯಾವುದಾದರೂ ತಲೆಗೆ ಹಾಕಿ ನೋಡಿದರೆ ಬಣ್ಣ ಹಚ್ಚಲು ಸುಲಭವಾದೀತು ಎನಿಸಿತು. ಸುತ್ತ ನೋಡಿದ. ಬುಟ್ಟಿಯಲ್ಲಿ ಒಂದು ತಲೆ ಮುಗುಳ್ನಗುತ್ತಿತ್ತು.

“ಒಂದೇ ಕ್ಷಣ, ಪುಟ್ಟಾ,” ಎಂದು ಹಾಕಿಯೇಬಿಟ್ಟ.

ಟಕ್!

ಎಷ್ಟು ಚೆನ್ನಾಗಿ ಕೂತಿತೆಂದರೆ ಅವನಿಗೇ ಹೆಮ್ಮೆಯಾಯಿತು. ತೆಗೆಯಲು ಹೋದ. ಬರಲಿಲ್ಲ. ತಿರುಗಿಸಿದ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದಾಗ ಕುತ್ತಿಗೆಯಿಂದ ‘ಕಿಟ್’ ಎಂಬ ಶಬ್ದ ಬಂದು, ರುತಿಲಿಯೊನ ಹೃದಯ ಒಂದು ಗಳಿಗೆ ರಜೆ ಹಾಕಿತು. ತಲೆ ಒಳಗೆ ಹೋಗುವ ದಾರಿಯನ್ನು ಅವನು ಬಹಳ ಯೋಚಿಸಿ ಮಾಡಿದ್ದ. ಹೊರಗೆ ಬರುವ ದಾರಿಯ ಬಗ್ಗೆ ಯೋಚಿಸಿರಲೇ ಇಲ್ಲ.

“ನಾಯೆಲೀ! ಸ್ವಲ್ಪ ಬಾರೇ. ಗಾಬರಿ ಆಗ್ಬೇಡ.”

ನಾಯೆಲಿ ತಮಾಲೆಯ ಮೆಕ್ಕೆಜೋಳದ ಹಿಟ್ಟಿಗೆ ಹಂದಿಕೊಬ್ಬು ಹಾಕಿ ನಾದುತ್ತಿದ್ದವಳು ಹಾಗೇ ಬಂದಳು. ನೋಡಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಅಯ್ಯೋ ಪಾಪಿ! ದೇವರ ತಲೆಗೆ ಹೆಲ್ಮೆಟ್ ಹಾಕಿದ್ಯೇನೋ!”

“ನಾನೇನು ಬೇಕು ಅಂತ ಹಾಕಿದ್ನಾ? ಆ ಗುಂಗುರು ಕೂದಲು ಕೊಂಡಿಗೆ ಸಿಕ್ಕೊಂಡಿದೆ. ನನ್ನ ವಿನ್ಯಾಸದಲ್ಲಿ ತಪ್ಪಿಲ್ಲ!”

“ಹೌದಪ್ಪ, ತಪ್ಪೆಲ್ಲ ದೇವರದ್ದೇ.”

ಕೈಯಲ್ಲಿದ್ದ ಹಂದಿಕೊಬ್ಬನ್ನೇ ಸವರಿ ನೋಡಿದರು. ಬಾಲಯೇಸು ಘಮಘಮಿಸಿತು, ಹೆಲ್ಮೆಟ್ ಕದಲಲಿಲ್ಲ. ಸೋಪು ಹಚ್ಚಿದರು. ಜಾರಿದ್ದು ರುತಿಲಿಯೊನ ಕೈ ಮಾತ್ರ. ಆಗ ಅವನಿಗೆ ವಿಜ್ಞಾನ ನೆನಪಾಯಿತು. “ಬಿಸಿ ತಾಗಿಸಿದ್ರೆ ಪ್ಲಾಸ್ಟಿಕ್ ಹಿಗ್ಗುತ್ತೆ ಕಣೇ!” ಎಂದು ಕೂದಲು ಒಣಗಿಸುವ ಯಂತ್ರ ತಂದು ಹಿಂತಲೆಗೆ ಹಿಡಿದ. ಪ್ಲಾಸ್ಟಿಕ್ ಹಿಗ್ಗಲಿಲ್ಲ. ಮೆತ್ತಗಾಗಿ, ಕುಸಿದು, ಗುಂಗುರು ಕೂದಲನ್ನು ಎಳೆ ಎಳೆಯಾಗಿ ತಬ್ಬಿಕೊಂಡು, ಹಾಗೇ ತಣ್ಣಗಾಗಿ ಗಟ್ಟಿಯಾಯಿತು. ಪುಣ್ಯಕ್ಕೆ ಮುಖದ ಕದ ಮಾತ್ರ ಮೊದಲಿನಂತೆಯೇ ತೆರೆದು ಮುಚ್ಚುತ್ತಿತ್ತು.

“ಅಮ್ಮನ ಹತ್ರ ನಿಜ ಹೇಳ್ಬಿಡೋಣ,” ಎಂದಳು ನಾಯೆಲಿ.

“ಹೇಳೋದಾ! ಕಿರುಬೆರಳಿಗೇ ಗಾಬಿನೊ ಹೆರೋದ ಆದ. ನಾನು ಇಡೀ ತಲೆ!”

ನಿಲುವಂಗಿ ತೊಡಿಸಿ ನೋಡಿದರು. ಬಿಳಿ ರೇಷ್ಮೆ, ಮೇಲೆ ಹೆಲ್ಮೆಟ್. ಮದುಮಗಳು ಸ್ಕೂಟರ್ ಹತ್ತಿ ಹೊರಟಂತಿತ್ತು. ನಾಯೆಲಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಅವಳೇ ದಾರಿ ತೋರಿಸಿದಳು: “ತಲೆಗೊಂದೇ ಆದ್ರೆ ಅಪಘಾತ. ಮೈಗೆಲ್ಲ ಹಾಕಿದ್ರೆ ಉಡುಪು!”

ರುತಿಲಿಯೊ ದಾರದ ಉರುಳೆ ನೋಡಿದ. ಉಳಿದಿದ್ದದ್ದು ಅವನ ಬೆನ್ನಿನ ಕವಚಕ್ಕೆ ಮಾತ್ರ ಸಾಲುವಷ್ಟು. ಹಬ್ಬದ ಮುನ್ನಾದಿನ ಹೊಸ ಉರುಳೆ ಎಲ್ಲಿ ಸಿಗಬೇಕು? ಒಂದು ಕಡೆ ಮಹಾದಂಡನಾಯಕನ ಬೆನ್ನು, ಇನ್ನೊಂದು ಕಡೆ ಅಳಿಯನ ಮಾನ. ನಿಟ್ಟುಸಿರು ಬಿಟ್ಟು ಕಂಪ್ಯೂಟರಿನಲ್ಲಿ ಅಳತೆ ಬದಲಿಸಿದ. ಯುದ್ಧದಲ್ಲಿ ಬೆನ್ನು ತೋರಿಸದ ವೀರರು ಹಿಂದೆಯೂ ಇದ್ದರು. ತೋರಿಸಲು ಬೆನ್ನೇ ಇಲ್ಲದ ವೀರ ಇವನೊಬ್ಬನೇ!

ಪ್ರಿಂಟರ್ ನರಳುತ್ತಾ ಒಂದೊಂದೇ ಕೊಟ್ಟಿತು: ಪುಟ್ಟ ಎದೆಕವಚ, ಪುಟ್ಟ ಭುಜದ ತಟ್ಟೆಗಳು, ಪುಟ್ಟ ಬೂಟು. ನಾಯೆಲಿ ತನ್ನ ಚಿನ್ನದ ಬಣ್ಣದ ಉಗುರುಬಣ್ಣವನ್ನೆಲ್ಲ ಖಾಲಿ ಮಾಡಿ ಅಂಚು ಬರೆದಳು. ಬೆಳಗಾಗುವ ಹೊತ್ತಿಗೆ ಬುಟ್ಟಿಯಲ್ಲಿ ಮಿರಮಿರ ಮಿಂಚುವ ಅಂತರಿಕ್ಷ ಯೋಧನೊಬ್ಬ ಎರಡು ಕೈ ಚಾಚಿ ಮಲಗಿದ್ದ.

ಎನೆದಿನಾ ಬಂದರು. ನಿಂತರು. ಬುಟ್ಟಿಯೊಳಗೆ ಬಗ್ಗಿ ನೋಡಿದರು.

“ಮುಖ ಎಲ್ಲಿ?”

ರುತಿಲಿಯೊ ಕದ ಎತ್ತಿದ. ಒಳಗೆ ಗಾಜಿನ ಕಣ್ಣು ಫಳಫಳ ಹೊಳೆದವು. “ಅತ್ತೇ... ಮಗು ಬಂದಿದ್ದು ಸ್ವರ್ಗದಿಂದ ತಾನೇ? ಅಷ್ಟು ಮೇಲಿಂದ ಇಳಿಯೋವಾಗ ತಲೆಗೆ ಏನೂ ಬೇಡ್ವಾ? ಚಳಿ, ಗಾಳಿ...”

ಎನೆದಿನಾ ಅವನ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಬುಟ್ಟಿ ಎತ್ತಿಕೊಂಡು ಹೊರಟರು. ರುತಿಲಿಯೊ ಅವರ ಹಿಂದೆ ಗಲ್ಲಿಗೇರಲು ಹೊರಟವನಂತೆ ನಡೆದ.

ಚರ್ಚು ತುಂಬ ಬಾಲಯೇಸುಗಳು. ವೈದ್ಯನ ಕೋಟು ತೊಟ್ಟವು, ರಾಜನ ಕಿರೀಟವಿಟ್ಟವು, ಸಂತರ ನಿಲುವಂಗಿಯವು. ಹಿಂದಿನ ವರ್ಷ ಫುಟ್‌ಬಾಲ್ ಅಂಗಿ ಹಾಕಿಸಿಕೊಂಡು ಬಂದ ಬಾಲಯೇಸುಗಳನ್ನು ನೋಡಿ ಪಾದ್ರಿ ಅನ್ಸೆಲ್ಮೊ ಕೆಂಡಾಮಂಡಲವಾಗಿ, ಪ್ರವಚನವಿಡೀ ಬೈದಿದ್ದರು. ಈ ಸಲ ತೀರ್ಥ ಚಿಮುಕಿಸುತ್ತಾ ಸಾಲಾಗಿ ಬಂದವರು ಎನೆದಿನಾ ಮುಂದೆ ಗಕ್ಕನೆ ನಿಂತರು.

“ಏನಮ್ಮ ಇದು?”

ರುತಿಲಿಯೊ ಕಣ್ಣು ಮುಚ್ಚಿಕೊಂಡ.

“ಫುಟ್‌ಬಾಲ್ ಅಂಗಿ ಬೇಡ ಅಂದ್ರಿ,” ಎಂದರು ಎನೆದಿನಾ, ಗದ್ದ ಮೇಲೆತ್ತಿ. “ಇದು ಫುಟ್‌ಬಾಲ್ ಅಲ್ಲ. ಸ್ವರ್ಗದಿಂದ ಇಳಿಯೋ ಮಗು, ತಲೆಗೆ ಏನಾದ್ರೂ ಬೇಡ್ವಾ ಫಾದರ್?”

“ಆದ್ರೆ ಮುಖಾನೇ ಕಾಣಲ್ವಲ್ಲಮ್ಮ...”

ಎನೆದಿನಾ ಕದ ಎತ್ತಿದರು. ಪಾದ್ರಿ ಬಗ್ಗಿ ನೋಡಿದರು. ಕದ ಮುಚ್ಚಿದರು. ಮತ್ತೆ ತಾವೇ ಎತ್ತಿದರು. ಮತ್ತೆ ಮುಚ್ಚಿ, ಇನ್ನೊಮ್ಮೆ ಎತ್ತಿದರು! ಹಿಂದಿನ ಸಾಲಿನವರು ಕೆಮ್ಮಿದ ಮೇಲೆ ಎಚ್ಚೆತ್ತು, ಗಂಭೀರ ಮುಖ ಮಾಡಿಕೊಂಡು, ಬೇರೆಯವರಿಗಿಂತ ದುಪ್ಪಟ್ಟು ತೀರ್ಥ ಚಿಮುಕಿಸಿದರು. ಪೂಜೆ ಮುಗಿದ ಮೇಲೆ ಹೆಂಗಸರೆಲ್ಲ ಎನೆದಿನಾರನ್ನು ಮುತ್ತಿಕೊಂಡರು. “ಯಾರು ಮಾಡಿದ್ದು?” “ನಮ್ಮ ಮಗೂಗೂ ಮಾಡ್ಕೊಡ್ತಾರಾ?” ಎನೆದಿನಾ ಹಿಂದೆ ತಿರುಗಿ ರುತಿಲಿಯೊನನ್ನು ನೋಡಿದರು. ತುಟಿ ಅಲುಗಿತು. ಇಗೋ ಬಂತು ‘ಮಗನೇ’ ಎಂದುಕೊಂಡ ರುತಿಲಿಯೊ.

“ಇವನೇ. ಕನ್ನಡಕದಂಗಡಿಯವನು,” ಎಂದರು.

ಇರಲಿ! ಸಂಜೆ ಇದೆಯಲ್ಲ! ತಮಾಲೆ ತಿನ್ನಲು ನೆಂಟರೆಲ್ಲ ತಾರಸಿಯಲ್ಲಿ ಸೇರಿದಾಗ, ಬೆನ್ನಿಲ್ಲದ ಕವಚ ತೊಟ್ಟು ರುತಿಲಿಯೊ ಸ್ಪರ್ಧೆಗೆ ಹೊರಟು ನಿಂತ. ಎಲ್ಲರೂ ನೋಡಲಿ ಎಂದು ದೊಡ್ಡ ಶಿರಸ್ತ್ರಾಣವನ್ನು ಎರಡೂ ಕೈಯಿಂದ ಎತ್ತಿ ಹಿಡಿದ.

“ರುತಿ, ಬೇಡ ಕಣೋ,” ಎಂದಳು ನಾಯೆಲಿ.

“ನನ್ನ ತಲೇಲಿ ಗುಂಗುರು ಕೂದಲು ಎಲ್ಲಿದೆ?” ಎಂದು ಬೋಳುತಲೆ ಸವರಿಕೊಂಡು ಹಾಕಿಯೇಬಿಟ್ಟ.

ಟಕ್!

ಎಲ್ಲರೂ ಚಪ್ಪಾಳೆ ತಟ್ಟಿದರು. ದಂಡನಾಯಕ ಬಾಗಿ ವಂದಿಸಿದ. ಆಮೇಲೆ ತಮಾಲೆಯ ವಾಸನೆ ಬಂದು, ಹೊರಡುವ ಮುನ್ನ ಒಂದು ತಿಂದೇ ಹೋಗೋಣವೆಂದು ಹೆಲ್ಮೆಟ್ ತೆಗೆಯಲು ಹೋದ. ಎಳೆದ. ತಿರುಗಿಸಿದ. ಕಿವಿ ಕಿತ್ತು ಬರುವಂತಾಯಿತು, ಹೆಲ್ಮೆಟ್ ಬರಲಿಲ್ಲ.

“ಗಡಿಬಿಡಿ ಯಾಕೆ?” ಎಂದರು ಎನೆದಿನಾ. “ಮಗೂದು ಹೇಗೆ ತೆಗೀತಿಯೋ ಹಾಗೇ ತೆಗಿ.”

“ಅದೂ ಬರಲ್ಲ ಅತ್ತೇ!” ಎಂಬ ಕೂಗು ಹೆಲ್ಮೆಟ್ಟಿನೊಳಗಿಂದ ತಪ್ಪಿ ಹೊರಬಿತ್ತು.

ಎನೆದಿನಾ ಎದ್ದು ಬುಟ್ಟಿಯ ಬಳಿ ಹೋಗಿ ಮಗುವಿನ ಹೆಲ್ಮೆಟ್ ಮೆಲ್ಲಗೆ ಎಳೆದು ನೋಡಿದರು. ಗಾಬಿನೊ ಮುಖ ಅರಳಿತು. “ಅತ್ತೇ, ಇನ್ಮೇಲೆ ಹೆರೋದ ಇವನೇ ಅಲ್ವಾ? ನನ್ನ ಬಿಟ್ಬಿಡಿ!”

ಎನೆದಿನಾ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾಯೆಲಿ ಓಡಿದಳು. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಸ್ವರ್ಗದಿಂದ ಇಳಿಯೋವಾಗ ಚಳಿಯಂತೆ! ಗಾಳಿಯಂತೆ! ಪಾದ್ರಿಗೂ ಅದನ್ನೇ ಹೇಳ್ದೆನಲ್ಲೋ ನಾನು!” ಕಣ್ಣೊರೆಸಿಕೊಂಡರು. “ಹೋಗ್ಲಿ ಬಿಡು, ಮುರಿದಿಲ್ಲ ತಾನೇ. ಮಗು ಉಡುಪು ಹೇಗೂ ಮುಂದಿನ ಕಾಂದೆಲಾರಿಯಾವರೆಗೂ ತೆಗೆಯೋ ಹಾಗಿಲ್ಲ.”

“ಮಗೂದಿರ್ಲಿ ಅತ್ತೇ, ನನ್ನದು!”

ನಾಯೆಲಿ ಗರಗಸ ಹಿಡಿದು ಬಂದು ಮುಂದೆ ನಿಂತಳು. “ಗರಗಸ ಇಲ್ಲಿದೆ. ವಾಷಿಂಗ್ ಮೆಷಿನ್ ಎಲ್ಲಿದೆ?”

“ನಾಳೆ ಕಣೇ! ಪ್ರಿಂಟರ್ ಮಾರಿ ನಾಳೇನೇ ತರ್ತೀನಿ!”

“ಹಾಗಾದ್ರೆ ಗರಗಸಾನೂ ನಾಳೆ.”

ಮಹಾದಂಡನಾಯಕ ಸ್ಪರ್ಧೆಯ ಆಸೆ ಬಿಟ್ಟು ಕುರ್ಚಿಯಲ್ಲಿ ಕುಸಿದ. ಎನೆದಿನಾ ಬಿಸಿ ತಮಾಲೆಯ ಸಿಪ್ಪೆ ಬಿಡಿಸಿ, ಪಕ್ಕದಲ್ಲಿ ಬಂದು ಕೂತು, ಮುಖದ ಕದ ಎತ್ತಿದರು.

“ಬಾಯಿ ತೆಗಿ, ಮಗನೇ.”

ಹೌದು, ಮಗನೇ! ಸರಿಯಾಗಿ ಕೇಳಿಸಿತು. ರುತಿಲಿಯೊನ ಕಣ್ಣು ತುಂಬಿತು. ಏನೋ ಹೇಳಬೇಕೆಂದು ತಲೆ ಆಡಿಸಿದ. ಕದ ದಡಕ್ಕನೆ ಕೆಳಗೆ ಬಿತ್ತು. ಅಷ್ಟರಲ್ಲಿ ಪೋಪೊ ದೂರದಲ್ಲಿ ಒಮ್ಮೆ ಕೆಮ್ಮಿ, ಹಬ್ಬದ ಬಿಳಿ ಮೇಜುಬಟ್ಟೆಗಳ ಮೇಲೆಲ್ಲ ಸಣ್ಣಗೆ ಬೂದಿ ಉದುರತೊಡಗಿತು.

ಎನೆದಿನಾ ಬೂದಿ ನೋಡಿದರು, ಒಗೆಯುವ ಕಲ್ಲು ನೋಡಿದರು, ಆಮೇಲೆ ಅಳಿಯನನ್ನು ನೋಡಿದರು.

“ನಾಯೆಲಿ, ನನ್ನ ಮಗ ನಾಳೆವರೆಗೂ ಸುಮ್ನೆ ಯಾಕೆ ಕೂರ್ಬೇಕು? ಆ ಕಲ್ಲಿನ ಮುಂದೆ ನಿಲ್ಸು. ಎಷ್ಟು ಜೋರಾಗಿ ಒಗೆದ್ರೂ ಕಣ್ಣಿಗೆ ಸೋಪು ಹೋಗಲ್ಲ!”

ಅಂದು ಸಂಜೆ ಬೀದಿಗೆ ಬೀದಿಯೇ ಆ ತಾರಸಿಯ ಕಡೆ ನೋಡುತ್ತಾ ಮೂಗಿನ ಮೇಲೆ ಬೆರಳಿಟ್ಟಿತು. ರುತಿಲಿಯೊಗೆ ಹೆಸರು ಬದಲಾಯಿಸಿಕೊಳ್ಳುವ ಪ್ರಮೇಯ ಬರಲಿಲ್ಲ.