ಕ್ಲೈವನ ಕಾರು ಬಾಯಿ ಮುಚ್ಚಿಕೊಂಡ ದಿನ

ಕ್ಲೈವ್ ಪೆಂಗೆಲಿಯ ಗ್ರಹಚಾರ ಕೆಟ್ಟದ್ದು ಒಂದೂವರೆ ಮೊಳದ ಒಂದು ಕಬ್ಬಿಣದ ಸರಳಿನಿಂದ. ಅದಕ್ಕೆ ಕ್ಯಾಮ್‌ಶಾಫ್ಟ್ ಅಂತ ಹೆಸರು. ಎಂಜಿನ್ನಿನ ನೆತ್ತಿಯ ಮೇಲೆ ಮಲಗಿಕೊಂಡು ತಿರುಗುತ್ತಾ, ಗಾಳಿ ಒಳಗೆ ಬರುವ ಬಾಗಿಲನ್ನು ಯಾವಾಗ ತೆಗೆಯಬೇಕು, ಹೊಗೆ ಹೊರಗೆ ಹೋಗುವ ಬಾಗಿಲನ್ನು ಯಾವಾಗ ಮುಚ್ಚಬೇಕು ಎಂದು ಅಪ್ಪಣೆ ಕೊಡುವುದು ಅದರ ಕೆಲಸ. ನಿಮಗೆ ಇಷ್ಟು ತಿಳಿದಿದ್ದರೆ ಸಾಕು. ಕ್ಲೈವನಿಗೂ ಎರಡು ವರ್ಷ ಇಷ್ಟೇ ತಿಳಿದಿದ್ದದ್ದು, ಎಡವಟ್ಟಾದದ್ದೂ ಅದರಿಂದಲೇ.

ಕಾಲ್ಗೂರ್ಲಿಯ ಚಿನ್ನದ ಗಣಿಯಲ್ಲಿ ಧೂಳಿಗೆ ನೀರು ಹೊಡೆಯುವ ಲಾರಿ ಓಡಿಸುವ ಈ ಮಹಾನುಭಾವ ತನ್ನ ಹಳೇ ಫಾಲ್ಕನ್ ಕಾರಿಗೆ, ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿದ್ದ. ಜೊತೆಗೆ, ಪಬ್ಬಿನಲ್ಲಿ ಯಾರೋ ಹೇಳಿದರೆಂದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕ್ಯಾಮ್ ತಂದು ಹಾಕಿದ್ದ. ಕಾರಿನ ವೇಗ ಹೆಚ್ಚಲಿಲ್ಲ, ಸದ್ದು ಮಾತ್ರ ಹೆಚ್ಚಿತು. ಬೆಳಗಿನ ಜಾವ ನಾಲ್ಕೂವರೆಗೆ ಅವನು ಕೆಲಸಕ್ಕೆ ಹೊರಡಲು ಕೀಲಿ ತಿರುಗಿಸಿದರೆ ಟ್ರೆಲೋರ್ ಬೀದಿಯ ಅಷ್ಟೂ ಕಿಟಕಿಗಳು ನಡುಗುತ್ತಿದ್ದವು, ನಾಯಿಗಳು ಊಳಿಡುತ್ತಿದ್ದವು, ಎದುರು ಮನೆಯ ಮೇವಿಸ್ ಅಜ್ಜಿ ನೈಟಿಯಲ್ಲೇ ಹೊರಗೆ ಬಂದು ಅವನ ವಂಶವನ್ನೆಲ್ಲಾ ಜಾಲಾಡುತ್ತಿದ್ದಳು.

ಇಷ್ಟೆಲ್ಲಾ ಬೈಸಿಕೊಂಡು ಅವನು ಗೆದ್ದದ್ದಾದರೂ ಏನು? ಮಣ್ಣಾಂಗಟ್ಟಿ. ತಿಂಗಳಿಗೊಂದು ಶನಿವಾರ ಊರಾಚೆಯ ನೇರ ರಸ್ತೆಯಲ್ಲಿ ಕಾರುಗಳ ಓಟ. ಪಕ್ಕದ ಮನೆಯ ಗ್ಯಾವಿನ್ ಡನ್‌ಸ್ಟಾಲ್ ಟರ್ಬೊದ ಅಣ್ಣನಂಥ ಸೂಪರ್‌ಚಾರ್ಜರ್ ಹಾಕಿದ ತನ್ನ ಗಾಡಿ ತಂದು ಪ್ರತಿ ಸಲವೂ ಇವನನ್ನು ಸೋಲಿಸುತ್ತಿದ್ದ. ಮಾರನೆಯ ದಿನ ಬೇಲಿಯ ಮೇಲೆ ಮೊಣಕೈ ಊರಿ ಕೇಳುತ್ತಿದ್ದ:

"ಕ್ಲೈವ್, ನನ್ನ ಗಾಡಿ ಹಿಂದಿನ ಎಡಗಡೆ ದೀಪ ಉರೀತಾ ಇದ್ಯಾ? ನೀನೇ ಹೇಳ್ಬೇಕು ಮಾರಾಯ, ನೋಡೋನು ನೀನೊಬ್ಬನೇ."

ಈ ಮಾತು ಕ್ಲೈವನ ಎದೆಗೆ ನಾಟಿತ್ತು. ಬಡ್ತಿ ಬೇಡ, ಹೊಸ ಮನೆ ಬೇಡ, ಒಂದೇ ಒಂದು ಶನಿವಾರ ಗ್ಯಾವಿನ್‌ನನ್ನು ಸೋಲಿಸಿ ಸತ್ತರೂ ಸರಿ ಎನ್ನುವ ಮಟ್ಟಕ್ಕೆ ಬಂದಿದ್ದ. ಕೊನೆಗೆ ಬುದ್ಧಿ ಬಂದು, ಪಕ್ಕದೂರು ಬೋಲ್ಡರಿನಲ್ಲಿ ಕ್ಯಾಮ್ ಮಸೆದು ಕೊಡುವ ನೋಲೀನ್ ಹತ್ತಿರ ಹೋದ.

ನೋಲೀನ್ ಬಾನೆಟ್ ಎತ್ತಿ ನೋಡಿದಳು, ಆಮೇಲೆ ಅವನನ್ನು ನೋಡಿದಳು. "ಟರ್ಬೊಗೆ ಈ ಕ್ಯಾಮ್ ಹಾಕಿದ್ದೀಯಾ? ತಲೇಲಿ ಏನಿಟ್ಕೊಂಡಿದ್ದೀಯ?"

"ಸದ್ದು ಚೆನ್ನಾಗಿದೆ ಅಂತ..."

"ಸದ್ದು ಬೇಕಿದ್ರೆ ತಮಟೆ ತಗೋ! ಮುಂಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ಒಟ್ಟಿಗೆ ತೆಗೆದಿಟ್ಟು ಮನೆಗೆ ಗಾಳಿ ತುಂಬ್ತೀನಿ ಅಂತಿದ್ದೀಯಲ್ಲೋ. ಟರ್ಬೊ ಒತ್ತಿ ಒತ್ತಿ ಗಾಳಿ ಕಳಿಸ್ತಾ ಇದೆ, ನಿನ್ನ ಕ್ಯಾಮು ಅದನ್ನ ಹಾಗೇ ಹಿತ್ತಲಿಗೆ ಬಿಡ್ತಾ ಇದೆ. ಎರಡು ಬಾಗಿಲೂ ಒಟ್ಟಿಗೆ ತೆಗೆದಿರೋ ಹೊತ್ತು ಆದಷ್ಟು ಕಮ್ಮಿ ಇರಬೇಕು. ಅಂಥದ್ದೊಂದು ಕೊಡ್ತೀನಿ, ಹಾಕ್ಕೋ."

"ಸದ್ದು?"

"ಚರ್ಚಿಗೆ ಹೋಗೋ ಮುದುಕಿ ಕಾರಿನ ಹಾಗಿರುತ್ತೆ. ಆದ್ರೆ ಗ್ಯಾವಿನ್ ನಿನ್ನ ಧೂಳು ಕುಡೀತಾನೆ."

ಭಾನುವಾರವೆಲ್ಲಾ ಶೆಡ್ಡಿನಲ್ಲಿ ಕೂತು ಕ್ಲೈವ್ ಹೊಸ ಕ್ಯಾಮ್ ಹಾಕಿದ. ಸೋಮವಾರ ನಾಲ್ಕೂವರೆಗೆ ಕೀಲಿ ತಿರುಗಿಸಿದಾಗ ಎಂಜಿನ್ ಶುರುವಾಯಿತೋ ಇಲ್ಲವೋ ಎಂದು ಅವನಿಗೇ ಅನುಮಾನ. ಒಂದು ನಾಯಿಯೂ ತಲೆಯೆತ್ತಲಿಲ್ಲ. ಊರು ದಾಟಿ ಖಾಲಿ ರಸ್ತೆಯಲ್ಲಿ ಒಮ್ಮೆ ಪೆಡಲ್ ತುಳಿದ ನೋಡಿ, ಅಬ್ಬಬ್ಬಾ, ತಲೆ ಸೀಟಿಗೆ ಅಂಟಿಕೊಂಡಿತು, ಟೊಪ್ಪಿ ಹಿಂದಿನ ಸೀಟಿಗೆ ಹಾರಿತು. "ಗ್ಯಾವಿನ್, ಸತ್ತೆ ಕಣೋ ನೀನು!" ಎಂದು ಒಬ್ಬನೇ ಕಿರುಚಿದ. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಗಣಿಗೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ. ಫೋರ್ಮನ್ ಮಾಟಿಚ್ ಮಾತ್ರ ಗೇಟಿನಲ್ಲಿ ಬೋನಿಗೆ ಬಿದ್ದ ಹುಲಿಯ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ.

"ಜನ ಎಲ್ಲೋ? ಬಸ್ ಎಲ್ಲೋ?"

"ನಾನು ಕಾರಲ್ಲಿ ಬಂದೆ ಸಾರ್, ನನಗೇನು ಗೊತ್ತು?"

"ಬಂದಿರೋನು ನೀನೊಬ್ಬ. ಹಾಗಾದ್ರೆ ಎಲ್ಲರ ಕೆಲಸಾನೂ ನೀನೇ ಶುರು ಮಾಡು."

ಕ್ಲೈವ್ ನೀರು ಹೊಡೆದ, ಕಲ್ಲು ಪುಡಿ ಮಾಡುವ ಯಂತ್ರಕ್ಕೆ ಗ್ರೀಸು ಬಳಿದ, ಕಕ್ಕಸನ್ನೂ ತೊಳೆದ. ಬಿಸಿಲೇರಿದ ಮೇಲೆ ಬಸ್ ಬಂತು. ಅದನ್ನು ಓಡಿಸುವವನು ಯಾರು ಅಂತೀರಿ? ಅದೇ ಗ್ಯಾವಿನ್. ಕೂದಲು ಕೆದರಿಕೊಂಡು, ಅಂಗಿ ತಿರುವುಮುರುವಾಗಿ ಹಾಕಿಕೊಂಡು ಇಳಿದವನೇ ಕ್ಲೈವನ ಕಡೆ ಬೆರಳು ತೋರಿಸಿದ.

"ಇವನಿಂದಲೇ ಸಾರ್! ಎರಡು ವರ್ಷದಿಂದ ಇವನ ಕಾರಿನ ಸದ್ದಿಗೇ ಏಳ್ತಿದ್ದೆ. ಇವತ್ತು ಯಾರಿಗೂ ಹೇಳದೆ ಕೇಳದೆ ಸದ್ದು ತೆಗೆದುಬಿಟ್ಟಿದ್ದಾನೆ!"

"ಹೌದು ಹೌದು, ನಾವೂ ಅದಕ್ಕೇ ಏಳ್ತಿದ್ದದ್ದು," ಎಂದು ಬಸ್ಸಿನಿಂದ ಇಳಿದ ಟ್ರೆಲೋರ್ ಬೀದಿಯವರೆಲ್ಲ ತಲೆಯಾಡಿಸಿದರು. ಉಳಿದ ಬೀದಿಗಳವರು ಬಾರದ ಬಸ್ಸಿಗೆ ಕಾದು ಕಾದು ಸುಸ್ತಾಗಿದ್ದರು. ಅವರೂ ಕ್ಲೈವನನ್ನೇ ನುಂಗುವ ಹಾಗೆ ನೋಡಿದರು.

"ಇವರ ನಿದ್ದೆಗೆ ನಾನು ಜವಾಬ್ದಾರನಾ ಸಾರ್? ಇದ್ಯಾವ ನ್ಯಾಯ?"

"ನ್ಯಾಯ ಕೋರ್ಟಲ್ಲಿ ಕೇಳು," ಎಂದ ಮಾಟಿಚ್. "ಗ್ಯಾವಿನ್, ನಿನಗೆ ಎರಡು ಗಂಟೆ ಸಂಬಳ ಕಟ್. ಕ್ಲೈವ್, ನಾಳೆಯೂ ಬಸ್ ತಡವಾದ್ರೆ ಶನಿವಾರ ನಿನಗೆ ರಜ ಇಲ್ಲ, ಡ್ಯೂಟಿ."

ಶನಿವಾರ! ಈ ತಿಂಗಳ ಓಟ ಅದೇ ದಿನ. ಹೊಸ ಕ್ಯಾಮ್ ಇದ್ದರೆ ಓಟಕ್ಕೆ ಹೋಗುವ ಹಾಗಿಲ್ಲ, ಓಟಕ್ಕೆ ಹೋಗಬೇಕೆಂದರೆ ಹೊಸ ಕ್ಯಾಮ್ ಇರುವ ಹಾಗಿಲ್ಲ.

ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಅರ್ಧ ಬೀದಿ ನೆರೆದಿತ್ತು. ಎಲ್ಲರ ಮುಂದೆ ಮೇವಿಸ್ ಅಜ್ಜಿ. ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈಗಳನ್ನು ಗಣಿಯ ಬಸ್ಸಿನವರಿಗೆ ಮಾರುವುದು ಅವಳ ಕಸುಬು.

"ಇವತ್ತು ಒಂದು ಪೈ ಕೂಡ ಆಗಲಿಲ್ಲ ಕಣೋ, ಒಂದೂ! ಕಣ್ಣು ಬಿಟ್ಟಾಗ ಸೂರ್ಯ ನೆತ್ತಿ ಮೇಲಿದ್ದ!"

"ಅಜ್ಜಿ, ಎರಡು ವರ್ಷದಿಂದ ಆ ಸದ್ದಿಗೆ ನನ್ನ ಬೈದು ಬೈದು ಸಾಯಿಸಿದ್ದೀರಲ್ಲ!"

"ಬೈಯೋಕೆ ಅಂತ ಎದ್ದೇಳ್ತಿದ್ದೆ. ಎದ್ದ ಮೇಲೆ ಒಲೆ ಹಚ್ತಿದ್ದೆ."

"ಅಲಾರಾಂ ಇಟ್ಕೊಳ್ಳಿ ಮತ್ತೆ!"

"ಅಲಾರಾಂ ಆದ್ರೆ ತಲೆ ಮೇಲೊಂದು ತಟ್ಟಿ ಮತ್ತೆ ಮಲಗಿಬಿಡ್ತೀನಿ. ನಿನ್ನ ತಲೆಗೆ ತಟ್ಟಬೇಕಾದ್ರೆ ರಸ್ತೆ ದಾಟಬೇಕು. ಅಷ್ಟರಲ್ಲಿ ನಿದ್ದೆ ಹೋಗಿರುತ್ತೆ."

ಕ್ಲೈವ್ ಹೆಂಡತಿಯ ಮುಖ ನೋಡಿದ. ರೇಲೀನ್ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನನ್ನ ಯಾಕೆ ನೋಡ್ತೀಯ? ನಾನೂ ಹಲ್ಲಿನ ಡಾಕ್ಟರ ಹತ್ರ ತಡವಾಗಿ ಹೋಗಿ ಬೈಸಿಕೊಂಡೆ. ಹಳೇದನ್ನೇ ಹಾಕು, ಊಟ ಆಮೇಲೆ."

ಮಾಡುವುದೇನು? ಕ್ಲೈವ್ ಸ್ಪ್ಯಾನರು ತೆಗೆದುಕೊಂಡ. ಮೇವಿಸ್ ಅಜ್ಜಿ ಕುರ್ಚಿ ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲೇ ಕಾವಲು ಕೂತಳು. ಹೊಳೆಯುವ ಹೊಸ ಕ್ಯಾಮ್ ಬಿಚ್ಚಿ ಹಳೇ ಟವೆಲ್ಲಿನಲ್ಲಿ ಕ್ಲೈವ್ ಕೂಸನ್ನು ಸುತ್ತಿದ ಹಾಗೆ ಸುತ್ತಿಟ್ಟ.

ಅಷ್ಟರಲ್ಲಿ ಗ್ಯಾವಿನ್ ಬಂದ, ಕೈಯಲ್ಲಿ ಎರಡು ಬಿಯರು. ಒಂದನ್ನು ಕ್ಲೈವನ ಕೈಗೆ ತುರುಕಿ ಬೆನ್ನು ತಟ್ಟಿದ.

"ಬೇಜಾರು ಮಾಡ್ಕೋಬೇಡ ಗುರೂ. ಒಳ್ಳೇ ಕ್ಯಾಮು ಅದು, ಸುಳ್ಳು ಹೇಳಬಾರದು. ಏನು ಸಮ, ಏನು ನಯ! ಕಾಫಿ ಹಿಡ್ಕೊಂಡು ಅಡುಗೆಮನೆ ಕಿಟಕೀಲಿ ನಿಂತು ಕೇಳ್ತಾನೇ ಇದ್ದೆ, ಕತ್ತಲಲ್ಲಿ ನೀನು ಬೀದಿ ತಿರುವು ದಾಟೋವರೆಗೂ ಒಂದೇ ಒಂದು ಸಲ ತಾಳ ತಪ್ಪಲಿಲ್ಲ!"

ಕ್ಲೈವ್ ಬಾಟ್ಲಿ ಕೆಳಗಿಟ್ಟ. "ಆ ಕ್ಯಾಮ್ ಹಾಕ್ಕೊಂಡು ಕತ್ತಲಲ್ಲಿ ನಾನು ಹೊರಟಿದ್ದು ಇವತ್ತು ಬೆಳಗಿನ ಜಾವ ಒಂದೇ ಸಲ."

ಗ್ಯಾವಿನ್ ಬಾಗಿಲಲ್ಲಿ ಕೂತ ಅಜ್ಜಿಯ ಕಡೆ ಕಳ್ಳನೋಟ ಬೀರಿದ.

"ಎದ್ದಿದ್ದೆ! ಕಳ್ಳ ನನ್ಮಗನೇ, ನೀನು ಎದ್ದಿದ್ದೆ!"

"ಮೆಲ್ಲಗೆ ಮಾತಾಡೋ," ಎಂದು ಗ್ಯಾವಿನ್ ಹಲ್ಲು ಗಿಂಜಿದ. "ಆ ನಯ ಕೇಳಿದ ಕೂಡಲೇ ಗೊತ್ತಾಯ್ತು, ಶನಿವಾರ ನನ್ನ ಕಥೆ ಮುಗೀತು ಅಂತ. ಬಸ್ ತಡವಾದ್ರೆ ಎಲ್ಲರೂ ಸೇರಿ ನಿನ್ನ ಕೈಲಿ ಹಳೇದನ್ನೇ ಹಾಕಿಸ್ತಾರೆ, ಹೋದ್ರೆ ಎರಡು ಗಂಟೆ ಸಂಬಳ ಹೋಗಲಿ ಅಂತ ಬೂಟು ಸಮೇತ ಹೋಗಿ ಮಲಗಿದೆ."

ಕ್ಲೈವ್ ಅಂಗಳಕ್ಕೆ ಹಾರಿದ. "ಎಲ್ಲರೂ ಕೇಳಿ! ಇವನು ಎದ್ದಿದ್ದನಂತೆ! ಬೇಕಂತಲೇ ಮಲಗಿದ್ದನಂತೆ! ನನ್ನ ಕಾರಿಂದಲ್ಲ, ಇವನ ಮೋಸದಿಂದ ಬಸ್ ತಡವಾಗಿದ್ದು! ಹೊಸ ಕ್ಯಾಮ್ ವಾಪಸ್ ಹಾಕ್ತೀನಿ!"

ಮೇವಿಸ್ ಅಜ್ಜಿ ಕುರ್ಚಿಯಿಂದ ಎದ್ದು ಬಂದು ಗ್ಯಾವಿನ್‌ನ ಕಿವಿ ಹಿಡಿದು ಅವನು ಕುಕ್ಕರಿಸುವವರೆಗೆ ಹಿಂಡಿದಳು. ಕ್ಲೈವನ ಮುಖ ಅರಳಿತು. ನ್ಯಾಯ ಎನ್ನುವುದು ಇನ್ನೂ ಸತ್ತಿಲ್ಲ ಎಂದುಕೊಂಡ.

ಅಜ್ಜಿ ಇವನ ಕಡೆ ತಿರುಗಿದಳು. "ನೀನೇನು ನೋಡ್ತಾ ನಿಂತಿದ್ದೀಯ? ಬೇಗ ಹಳೇದನ್ನ ಹಾಕು."

"ಅಜ್ಜೀ! ತಪ್ಪು ಇವನದ್ದು ಅಂತ ಈಗ ತಾನೇ..."

"ಅದಕ್ಕೇ ಹೇಳ್ತಾ ಇರೋದು ದಡ್ಡ! ಇವತ್ತು ನಾನು ಎದ್ದಿದ್ರೆ ಇವನ ಬಸ್ ಮನೆ ಮುಂದೆ ನಿಂತಲ್ಲೇ ನಿಂತಿರೋದು ಕಾಣ್ತಿರಲಿಲ್ವಾ? ಹಾಸಿಗೆಯಿಂದ ಎಳೆದು ಹಾಕ್ತಿರಲಿಲ್ವಾ? ಇಂಥಾ ಕಳ್ಳ ಬೀದೀಲಿರುವಾಗ ನಾವೆಲ್ಲ ಮಲಗಿದ್ರೆ ಆಯ್ತು ಕಥೆ. ಬಿಗಿ ಮಾಡು ಬೋಲ್ಟು, ಇನ್ಮೇಲೆ ಒಂದು ದಿನದ ಮಟ್ಟಿಗೂ ಬಿಚ್ಚೋ ಹಾಗಿಲ್ಲ."

ಬೀದಿಯವರೆಲ್ಲ ಹೌದು ಹೌದು ಎಂದರು. ರೇಲೀನ್ ಕೂಡ ಹೌದು ಎಂದಳು.

ಹೊತ್ತು ಮುಳುಗುವ ಹೊತ್ತಿಗೆ ಕ್ಲೈವ್ ಕೊನೆಯ ಬೋಲ್ಟ್ ಬಿಗಿದು ಕೀಲಿ ತಿರುಗಿಸಿದ. ಶೆಡ್ಡಿನ ತಗಡು ಗಡಗಡ ಅಂದಿತು, ಕಿಟಕಿಗಳು ನಡುಗಿದವು, ಬೀದಿಯ ಅಷ್ಟೂ ನಾಯಿಗಳು ಒಂದೇ ರಾಗದಲ್ಲಿ ಊಳಿಟ್ಟವು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಎರಡು ವರ್ಷದಲ್ಲಿ ಕ್ಲೈವನ ಕಾರಿಗೆ ಬಿದ್ದ ಮೊದಲ ಚಪ್ಪಾಳೆ ಅದು. ಕೆಂಪಾದ ಕಿವಿಯ ಗ್ಯಾವಿನ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.