ಸೋರುವ ಕಾರು, ಗಾಬರಿಯಾದ ಜನ

ಹಳೇ ಕಾರನ್ನು ಮತ್ತೆ ಓಡಿಸಲು ಹೊರಟವರು ಗಾಬರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಒಂದು, ಬಾಗಿಲು ತೆಗೆದರೆ ಇನ್ನೊಂದು, ತಾನಾಗಿಯೇ ಬಂದು ಎದುರಿಗೆ ನಿಲ್ಲುತ್ತದೆ.

ನಾನು ಮೈಸೂರಿನವಳು. ವಿಶಾಖಪಟ್ಟಣದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಪೆಂಡುರ್ತಿಯಲ್ಲಿ ಮನೆ. ಅತ್ತೆ-ಮಾವ ಇರುವುದು ವಿಜಯವಾಡದಲ್ಲಿ. ಮಾವ ತೆಲುಗಿನವರು, ಅತ್ತೆ ಬಳ್ಳಾರಿ ಕಡೆಯವರು. ತಮ್ಮ ಮದುವೆಯಾದ ಹೊಸದರಲ್ಲಿ ಮಾವ ಕೊಂಡಿದ್ದ ಬಿಳಿ ಕಾರು ಆ ಮನೆಯ ಪಕ್ಕದ ತೂತುಬಿದ್ದ ಶೀಟಿನ ಕೆಳಗೆ ವರ್ಷಗಟ್ಟಲೆ ನಿಂತೇ ಇತ್ತು. ಹೋದ ಬೇಸಿಗೆಯಲ್ಲಿ ಗುಜರಿಯವನು ಬಂದು ಅದನ್ನು ಸುತ್ತು ಹಾಕಿ ನೋಡಿಕೊಂಡು ಹೋದ. ನನಗೆ ಚಿಕ್ಕಂದಿನಿಂದ ಮಿಕ್ಸಿ, ಫ್ಯಾನು ಬಿಚ್ಚಿ ನೋಡುವ ಚಟ. "ಕೊಡಬೇಡಿ ಮಾವ, ನಾನು ಸರಿ ಮಾಡ್ತೀನಿ" ಅಂದೆ.

"ಈ ಮಳೆಗಾಲ ಮುಗಿಯೋದ್ರೊಳಗೆ ನೀರು ಒಳಗೆ ಬರೋದು ನಿಲ್ಲಿಸಿದ್ರೆ ಇಟ್ಕೊ ತಲ್ಲಿ. ಇಲ್ಲಾಂದ್ರೆ ಗುಜರಿಗೆ" ಅಂದರು ಮಾವ. ಹಾಗೆ ಹೇಳಿ, ಕಾರಿನ ಕಡೆ ನೋಡದೆ ಒಳಗೆ ಹೋದರು. ಅವರು ನೋಡದೆ ಹೋದದ್ದಕ್ಕೇ ನಾನು ಹಟ ಹಿಡಿದದ್ದು.

ಕಾಲ ಕೆಳಗಿನ ಬೆಳೆ

ಮೊದಲ ಮಳೆ ಬಿದ್ದ ನಾಲ್ಕೈದು ದಿನಕ್ಕೆ ವಿಜಯವಾಡಕ್ಕೆ ಹೋಗಿ ಕಾರಿನ ಬಾಗಿಲು ತೆಗೆದೆ. ಮುಂದಿನ ಎಡಗಡೆ ಸೀಟಿನ ಕೆಳಗೆ ಮ್ಯಾಟ್ ಒದ್ದೆಯಾಗಿ ಉಬ್ಬಿಕೊಂಡಿತ್ತು. ಅಂಚು ಹಿಡಿದು ಎತ್ತಿದರೆ ಕೆಳಗೆ ಏನೋ ಹಸಿರು, ತೆಳ್ಳಗೆ, ಸಾಲುಸಾಲಾಗಿ ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು. ಲ್ಯಾಬಿನವಳ ಬುದ್ಧಿ, ಯಾವುದೋ ಫಂಗಸ್ ಅಂದುಕೊಂಡು ಬಾಗಿಲು ಹಾಕಿಬಿಟ್ಟೆ. ಒಳಗೆ ಹೋಗಿ ಮಾಸ್ಕು, ಗ್ಲೌಸು ಹಾಕಿಕೊಂಡು ಬಂದೆ. ಯಜಮಾನರಿಗೂ ಒಂದು ಮಾಸ್ಕ್ ಕೊಟ್ಟು, ಹತ್ತಿರ ಬರಬೇಡಿ ಎಂದು ಗೇಟಿನ ಹತ್ತಿರವೇ ನಿಲ್ಲಿಸಿದೆ.

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಬಗ್ಗಿ ನೋಡಿದರು, ಒಂದು ಎಲೆ ಕಿತ್ತು ಮೂಸಿದರು. ಮುಟ್ಟಬೇಡಿ ಎಂದು ನಾನು ಕೂಗಿದೆ.

"ಮೆಂತೆ" ಅಂದರು.

ಆಮೇಲೆ ತಿಳಿಯಿತು. ಇಲಿ ಬಾರದ ಜಾಗವೆಂದು ಅತ್ತೆ ಅಂಗಡಿ ಸಾಮಾನನ್ನೆಲ್ಲ ಕಾರಿನಲ್ಲೇ ಇಡುತ್ತಿದ್ದರಂತೆ, ಅದರಲ್ಲಿ ಯಾವುದೋ ಪೊಟ್ಟಣ ಒಡೆದು ಚೆಲ್ಲಿತ್ತು. ನೀರು ಇಷ್ಟೊಂದು ನುಗ್ಗಿದೆಯಲ್ಲ ಎಂದು ನಾನು ತಲೆಮೇಲೆ ಕೈ ಹೊತ್ತು ಕುಳಿತೆ. ಕೀಳಲು ಕೈ ಹಾಕಿದಾಗ ಅತ್ತೆ ತಡೆದರು.

"ಈಗ್ಲೇ ಕೀಳಬ್ಯಾಡವ್ವ, ಇನ್ನೊಂದೆರಡು ದಿನ ಬಿಡು. ಪಪ್ಪಿಗೆ ಸಾಕಾಗ್ತೈತಿ."

ಎಡಕ್ಕೆ ತಿರುಗಿದರೆ

ಮೆಂತೆ ಬೇಳೆಯೊಂದಿಗೆ ಬೆಂದು ಪಪ್ಪಾಯಿತು, ಎಂಜಿನ್ನೂ ಶುರುವಾಯಿತು. ಆದರೆ ನೀರು ಹರಿದ ಕಡೆಯೆಲ್ಲ ವೈರುಗಳು ಕೊಳೆತಿದ್ದವು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನೇ ಹೊಡೆದುಕೊಳ್ಳುತ್ತಿತ್ತು. ಬಲಕ್ಕೆ ತಿರುಗಿಸಿದರೆ ಸದ್ದಿಲ್ಲ. ಯಾವ ವೈರು ಎಲ್ಲಿ ತಾಗುತ್ತಿದೆ ಎಂದು ನಾನು ಹುಡುಕುತ್ತಿರುವಾಗಲೇ ಮಂಗಳಗಿರಿಯಿಂದ ಫೋನ್ ಬಂತು. ಸೀರೆ ಅಂಗಡಿ ಇಟ್ಟುಕೊಂಡಿದ್ದ ಮಾವನ ಹಳೆಯ ಸ್ನೇಹಿತರು ತೀರಿಹೋಗಿದ್ದರು.

ತಕ್ಷಣಕ್ಕೆ ಬೇರೆ ಗಾಡಿ ಸಿಗಲಿಲ್ಲ. "ಎಡಕ್ಕೆ ತಿರುಗದ ಹಾಗೆ ಹೋಗೋಣ" ಅಂದರು ಮಾವ. ಹೈವೇಯಲ್ಲಿ ಹೆಚ್ಚುಕಡಿಮೆ ಹಾಗೇ ಹೋದೆವು. ಆದರೆ ಸತ್ತವರ ಮನೆ ಇದ್ದ ಗಲ್ಲಿ ಎಡಗಡೆಗಿತ್ತು. ಅದೂ ಸಾಲದೆಂದು ಒಳಗೆ ಹೋದಮೇಲೂ ಎಡಕ್ಕೇ ಬಾಗುತ್ತಿತ್ತು.

ಶಾಮಿಯಾನದ ಕೆಳಗೆ ಕುಳಿತಿದ್ದ ಜನವೆಲ್ಲ ಎದ್ದು ನಿಂತರು. ಹಾರ್ನ್ ನಿಲ್ಲಲಿಲ್ಲ. ಯಜಮಾನರು ಸ್ಟಿಯರಿಂಗ್ ನೇರ ಮಾಡಿದರೆ ಕಾರು ಗೋಡೆಗೆ, ಮಾಡದಿದ್ದರೆ ಈ ಬೊಬ್ಬೆ. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಾವ ಮಾತ್ರ ಹಾರಕ್ಕೆ ತಂದಿದ್ದ ಹೂವಿನ ಪೊಟ್ಟಣ ಹಿಡಿದುಕೊಂಡು ಕಲ್ಲಿನ ಹಾಗೆ ಕುಳಿತಿದ್ದರು. ಕೊನೆಗೆ ಎಂಜಿನ್ ಆರಿಸಿ, ನಾನು ಇಳಿದು ಬ್ಯಾಟರಿಯ ವೈರು ಕಿತ್ತೆ.

ಸತ್ತವರ ಹೆಂಡತಿ ಮೆಲ್ಲಗೆ ನಡೆದು ಬಂದರು. ಬೈಗುಳ ತಿನ್ನಲು ತಯಾರಾಗಿ ನಿಂತೆ. ಅವರು ಬಾನೆಟ್ ಮೇಲೆ ಕೈಯಿಟ್ಟು, "ಅವರೂ ಹೀಗೇ ಬರ್ತಿದ್ದರು. ಗಲ್ಲಿ ತುದಿಯಿಂದ ಹಾರ್ನ್ ಹೊಡೆದುಕೊಂಡೇ ಬರ್ತಿದ್ದರು" ಎಂದು ಅತ್ತುಬಿಟ್ಟರು. ಅಷ್ಟು ಹೊತ್ತು ಸುಮ್ಮನಿದ್ದವರೂ ಅತ್ತರು. ಮಾವನೂ ಸ್ನೇಹಿತನ ಹೆಸರು ಹಿಡಿದು ಅತ್ತರು.

ಹೊರಡುವಾಗ ಆ ಮನೆಯ ದೊಡ್ಡ ಮಗ ಕಾರಿನ ತನಕ ಬಂದು ಕೈಮುಗಿದ. "ಕರ್ಮದ ದಿನಾನೂ ಇದೇ ಕಾರಲ್ಲಿ ಬನ್ನಿ. ಅಲ್ಲೀವರೆಗೂ ದಯವಿಟ್ಟು ರಿಪೇರಿ ಮಾಡಿಸಬೇಡಿ."

ಗಂಜಿ

ಕರ್ಮ ಮುಗಿದ ಮೇಲೆ ವೈರು ಸರಿಮಾಡಿ ಕಾರನ್ನು ವಿಶಾಖಪಟ್ಟಣಕ್ಕೆ ಹೊರಡಿಸಿದೆವು. ಅರ್ಧ ದಾರಿಗೆ ಬಾನೆಟ್ಟಿನಿಂದ ಹೊಗೆ. ಕೆಳಗೆ ಬಗ್ಗಿ ನೋಡಿದರೆ ರೇಡಿಯೇಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೇ ಒಂದು ಊಟದ ಹೋಟೆಲು. ಎಂಜಿನ್ ಆರುವ ತನಕ ಕಾದು, ಯಜಮಾನರು ಅಲ್ಲಿಂದ ಒಂದು ಕ್ಯಾನು ತಂದು ಸುರಿದರು.

ಆಶ್ಚರ್ಯವೆಂದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೋರುವುದೇ ನಿಂತುಹೋಯಿತು. ಆದರೆ ಕಾರಿನೊಳಗೆಲ್ಲ ಅನ್ನ ಬೇಯುವ ವಾಸನೆ. ನನಗೆ ಹಸಿವಾಗಿದೆ, ಅದಕ್ಕೇ ಹೀಗನ್ನಿಸುತ್ತಿದೆ ಅಂದುಕೊಂಡೆ. ಯಜಮಾನರೂ ಹಾಗೇ ಅಂದುಕೊಂಡು ಸುಮ್ಮನಿದ್ದರಂತೆ.

ಮಾರನೆಯ ದಿನ ಪೆಂಡುರ್ತಿಯ ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ತೆಗೆದು ಹಿಂದಕ್ಕೆ ಸರಿದ. ಬೆರಳು ಅದ್ದಿ ಎತ್ತಿದ, ಬಿಳಿಯ ಅಂಟು ದಾರದ ಹಾಗೆ ಜೋತುಬಿತ್ತು. ಹೋಟೆಲಿನಿಂದ ತಂದದ್ದು ನೀರಲ್ಲ, ಅನ್ನ ಬಸಿದ ಗಂಜಿಯೆಂದು ಆಗ ಗೊತ್ತಾಯಿತು. ಅವನು ಬಹಳ ಹೊತ್ತು ಒಳಗೆ ನೋಡಿ, ನನ್ನ ಕಡೆ ತಿರುಗಿ ಗಂಭೀರವಾಗಿ ಕೇಳಿದ:

"ಮೇಡಂ, ಉಪ್ಪು ಹಾಕಿದ್ದೀರಾ?"

ಕುಂಕುಮ

ಇಷ್ಟಾದರೂ ಮಳೆನೀರು ಒಳಗೆ ಬರುವ ದಾರಿ ಸಿಕ್ಕಿರಲಿಲ್ಲ. ಮುಂದಿನ ಗಾಜಿನ ಅಂಚಿಗೆ ಒಳಗಡೆಯಿಂದ ಪುಡಿ ಉದುರಿಸಿ, ಹೊರಗಿನಿಂದ ನೀರು ಬಿಟ್ಟರೆ ನೀರು ಬಂದ ಕಡೆ ಗೆರೆ ಕಾಣುತ್ತದೆ ಎಂದು ಎಲ್ಲೋ ಓದಿದ್ದೆ. ಪೌಡರ್ ಹಾಕಿದರೆ ಕಾಣಲಿಲ್ಲ. ದೇವರ ಮನೆಯ ಕುಂಕುಮವನ್ನೇ ತಂದು ಧಾರಾಳವಾಗಿ ಉದುರಿಸಿದೆ. ಯಜಮಾನರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದರು, ಕಾಲು ಬಾಗಿಲಿನಿಂದ ಹೊರಗೆ. ನನ್ನ ಒಂದು ಕೈಯಲ್ಲಿ ಪೈಪು, ಗಾಜಿನ ರಬ್ಬರು ಕೂರಿಸಲು ಇನ್ನೊಂದು ಕೈಯಲ್ಲಿ ಸುತ್ತಿಗೆ.

ಕೆಳಗಿನ ಮನೆಯಲ್ಲಿರುವ ನಿವೃತ್ತ ಹೆಡ್‌ಮಿಸ್ಟ್ರೆಸ್ ಆಂಟಿ ತರಕಾರಿ ಚೀಲ ಹಿಡಿದು ಅದೇ ಹೊತ್ತಿಗೆ ಗೇಟಿನೊಳಗೆ ಬಂದರು. ಕಾರಿನ ಕೆಳಗಿನಿಂದ ಗೇಟಿನ ತನಕ ಕೆಂಪು ನೀರು ಹರಿದಿತ್ತು.

"ಯಾರಮ್ಮ ಅದು?" ಅಂದರು ತೆಲುಗಿನಲ್ಲಿ.

"ನಮ್ಮವರು."

"ಏನಾಯ್ತು?"

"ಎಲ್ಲಿಂದ ಸೋರ್ತಿದೆ ಅಂತಾನೇ ಗೊತ್ತಾಗ್ತಿಲ್ಲ ಆಂಟಿ. ಇಷ್ಟೊತ್ತಿಗೆ ನಿಲ್ಲಬೇಕಿತ್ತು."

"ಮಾತಾಡ್ತಿಲ್ವಾ?"

"ನಾನೇ ಅಲ್ಲಾಡಬೇಡಿ ಅಂದಿದೀನಿ. ಅಲ್ಲಾಡಿದ್ರೆ ಎಲ್ಲಾ ಕಡೆ ಆಗುತ್ತೆ, ಆಮೇಲೆ ತೊಳೆಯೋಕೆ ಕಷ್ಟ."

ಅವರು ಚೀಲವನ್ನು ಸದ್ದಾಗದಂತೆ ನೆಲಕ್ಕಿಟ್ಟು, ನನ್ನ ಸುತ್ತಿಗೆಯ ಮೇಲಿನ ಕಣ್ಣು ತೆಗೆಯದೆ ಹಿಂದಕ್ಕೆ ಹಿಂದಕ್ಕೆ ನಡೆದು ಹೋದರು. ಬಿಸಿಲಿಗೇನೋ ಅಂದುಕೊಂಡು ನಾನು ನೀರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂತು. ಎಸ್.ಐ. ಇಳಿದು ನನ್ನನ್ನು ನೋಡಿ "ಅದನ್ನ ಕೆಳಗಿಡಮ್ಮ" ಅಂದರು. ನಾನು ಪೈಪು ಕೆಳಗಿಟ್ಟೆ. "ಅದಲ್ಲ" ಅಂದರು. ಅಷ್ಟರಲ್ಲಿ ಒಳಗಿನಿಂದ "ಸಿಕ್ತು, ಎಡಗಡೆ ಮೂಲೆ" ಎಂದು ಯಜಮಾನರು ಎದ್ದು ಕುಳಿತರು. ತಲೆಯಿಂದ ಗದ್ದದವರೆಗೆ ಕೆಂಪು ಇಳಿಯುತ್ತಿತ್ತು. ಹಿಂದಿದ್ದ ಕಾನ್‌ಸ್ಟೇಬಲ್ ಜೀಪಿಗೆ ಒರಗಿಕೊಂಡ. ಯಜಮಾನರು, ಗಾಡಿ ಅಡ್ಡ ನಿಲ್ಲಿಸಿದ್ದಕ್ಕೆ ಬಂದಿದ್ದಾರೆಂದುಕೊಂಡು, "ಹತ್ತು ನಿಮಿಷ ಸರ್, ಒರೆಸಿ ತೆಗೆದುಬಿಡ್ತೀವಿ" ಅಂದರು.

ಎಸ್.ಐ. ನಂಬಲಿಲ್ಲ. ಕೊನೆಗೆ ಅವರನ್ನೇ ಒಳಗೆ ಕೂರಿಸಿ ನೀರು ಬಿಟ್ಟು ತೋರಿಸಬೇಕಾಯಿತು. ಅವರ ಟೋಪಿಯ ಮೇಲೂ ಗೆರೆ ಇಳಿದ ಮೇಲೆ ಒಪ್ಪಿಕೊಂಡರು.

ಆ ಮೂಲೆಯ ರಬ್ಬರು ಬದಲಾಯಿಸಿದೆವು. ಆಮೇಲೆ ಸಮುದ್ರದ ಕಡೆಯಿಂದ ಎರಡು ದಿನ ಎಡೆಬಿಡದೆ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ಮಾವ ಬಂದರು, ಮ್ಯಾಟಿನ ಕೆಳಗೆ ಅಂಗೈ ಆಡಿಸಿ ನೋಡಿದರು, ಒಣಗಿತ್ತು. ಸ್ಟಿಯರಿಂಗ್ ಮುಂದೆ ಕುಳಿತು ಅದನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ನೋಡಿದರು. ಕಾರು ನಮ್ಮಲ್ಲೇ ಉಳಿಯಿತು.

ಕೆಳಗಿನ ಮನೆಯ ಆಂಟಿಗೂ ಎಲ್ಲ ವಿವರಿಸಿ ಹೇಳಿದೆವು. ಅವರು ನಕ್ಕರು, ನಂಬಿದರು ಅಂದುಕೊಂಡಿದ್ದೆ. ಮೊನ್ನೆ ನಮ್ಮ ಬಾತ್‌ರೂಮಿನ ನಲ್ಲಿ ಸೋರುತ್ತಿತ್ತೆಂದು ಅವರ ಮನೆಗೆ ಸ್ಪ್ಯಾನರ್ ಕೇಳಲು ಹೋದೆ. ಒಳಗೆ ಹೋಗಿ ತಂದರು. ಕೊಡುವ ಮೊದಲು ಅದನ್ನು ಸೆರಗಿನ ಹಿಂದೆ ಹಿಡಿದುಕೊಂಡು ಮೆಲ್ಲಗೆ ಅಂದರು:

"ಕೊಡ್ತೀನಮ್ಮ. ನಿನ್ನ ಗಂಡನ್ನ ಮಾತ್ರ ಮೊದಲು ನಮ್ಮನೆಗೆ ಕಳಿಸು. ಕಾಫಿ ಕುಡೀತಾ ಕೂತಿರಲಿ, ನಿನ್ನ ಕೆಲಸ ಮುಗಿದ ಮೇಲೆ ಬರ್ತಾನೆ."