ಚಾಪೆಯಿಂದ ಒಂದೂವರೆ ಅಡಿ ಮೇಲೆ

ಕುರ್ಚಿ ಸಿಕ್ಕವರು ಒಂಟಿಯಾಗುತ್ತಾರೆ ಎಂದು ಯಾರಾದರೂ ಹೇಳಿದ್ದರೆ ಮೊದಲೆಲ್ಲ ನಗುತ್ತಿದ್ದೆ. ಕಂಪ್ಲಿಯ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿ ಕುರ್ಚಿಯಲ್ಲೇ ಮೆರೆದವಳು ನಾನು. ಈಗ ನಂಬುತ್ತೇನೆ. ಸೊಂಟದ ಕೀಲು ಬದಲಿಸಿದ ಡಾಕ್ಟರು, "ನೆಲದ ಮ್ಯಾಲೆ ಕುಂದ್ರಬ್ಯಾಡ್ರಿ" ಎಂದು ಅಪ್ಪಣೆ ಮಾಡಿದ್ದೇ ತಡ, ಚಿತ್ತವಾಡ್ಗಿಯ ನಮ್ಮ ಓಣಿಯಿಂದ ನನಗೆ ಗಡೀಪಾರಾಯಿತು.

ದೂರಕ್ಕೇನಲ್ಲ, ಚಾಪೆಯಿಂದ ಒಂದೂವರೆ ಅಡಿ ಮೇಲಕ್ಕೆ. ಪಕ್ಕದ ಮನೆ ಹಂಪಮ್ಮನ ಪಡಸಾಲೆಯಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಚಾಪೆ ಹಾಸಿ ಸುತ್ತ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಾರೆ. ಮನೆಯಲ್ಲಿ ಒಬ್ಬಳೇ ಇರುವ ನನಗೆ ದಿನದ ಮಾತೆಲ್ಲ ಅಲ್ಲೇ. ಈಗ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ, ತಪಾಸಣೆಗೆ ಬಂದ ಇನ್‌ಸ್ಪೆಕ್ಟರಂತೆ. ರುಚಿಯಾದ ಸುದ್ದಿ ಬಂದಾಗ ತಲೆಗಳೆಲ್ಲ ಕೆಳಗೆ ಒಟ್ಟು ಸೇರುತ್ತವೆ. ಪಿಸುಪಿಸು, ಆಮೇಲೆ ಗೊಳ್ಳೆಂದು ನಗು. "ಏನ್ರೇ ಅದು?" ಎಂದರೆ, "ಏನಿಲ್ಲ ಬಿಡ್ರಿ ಟೀಚರ್, ನೀವು ಆರಾಮ ಕುಂದ್ರಿ" ಎನ್ನುತ್ತಾಳೆ ಹಂಪಮ್ಮ. ಮನೆಗೆ ಬಂದು ಅತ್ತದ್ದೂ ಉಂಟು. ಹುಣಸೆಹಣ್ಣಿಗಾಗಿ ಅತ್ತೆನೆಂದರೆ ಯಾರು ನಂಬುತ್ತಾರೆ?

ಕೋಲೂರಿ ಕುಂಟುವುದೂ ನಿಂತಿರಲಿಲ್ಲ. ಹೊಸ ಕೀಲಿನ ಗುಂಡನ್ನೇ ಓರೆಯಾಗಿ ಕೂರಿಸಿದ್ದಾರೆಂದು ಜಗಳಕ್ಕೆ ಹೋದೆ. ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. "ಬಟ್ಟೆ ಒಣಹಾಕೋ ಹಗ್ಗ ನೋಡೀರಲ್ರೀ? ಗೂಟ ಒಳಗ ಸರದ್ರ ಹಗ್ಗ ಸಡ್ಲ, ಹೊರಗ ಸರದ್ರ ಭಾಳ ಬಿಗಿ. ಗುಂಡಿನ ಸುತ್ತ ಇರೋ ಸ್ನಾಯುನೂ ಹಂಗ. ಸಡ್ಲಾದ್ರ ಬಲ ಇರಲ್ಲ, ಕುಂಟ್ತೀರಿ. ನಿಮ್ಮ ಗುಂಡು ಸರಿಯಾದ ಜಾಗಕ್ಕ ಕುಂತೈತಿ. ಸ್ನಾಯು ಮಲ್ಕೊಂಡೈತಿ, ಎಬ್ಬಸ್ರಿ." ಅಂತೂ ಗುಂಡಿಗೆ ಜಾಗ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ಅಡುಗೆಕಟ್ಟೆ ಹಿಡಿದು, ಕುಕ್ಕರಿನ ಸೀಟಿ ಎಣಿಸುತ್ತಾ ದಿನಾ ಕಾಲನ್ನು ಪಕ್ಕಕ್ಕೆ ಎತ್ತತೊಡಗಿದೆ.

ಮೊನ್ನೆ ಹಂಪಮ್ಮ ಚಾಪೆಯಿಂದ ಏಳಲಾರದೆ, "ಅಯ್ಯೋ ಯವ್ವಾ, ಮೊಣಕಾಲು ಹೋತು! ಟೀಚರ್, ನಿಮ್ಮನ್ಯಾಗ ಇನ್ನೊಂದು ಕುರ್ಚಿ ಐತೇನ್ರೀ?" ಎಂದಳು. ನಾನು ಎದ್ದವಳೇ ಮನೆಗೆ ಹೋಗಿ ಕುರ್ಚಿ ಹೊತ್ತು ತಂದೆ.

"ಟೀಚರ್, ಕೋಲೆಲ್ಲಿ? ಕುಂಟಲೇ ಇಲ್ಲಲ್ರೀ ನೀವು!" ಎಂದರು ಎಲ್ಲರೂ. ನೋಡಿದರೆ ಕೋಲು ಪಡಸಾಲೆಯ ಗೋಡೆಗೇ ಒರಗಿತ್ತು.

ಹಂಪಮ್ಮ ನನ್ನ ಪಕ್ಕ ಕೂತು, ಕಿವಿಗೆ ಬಾಗಿ, ಇಷ್ಟು ದಿನದ ಸುದ್ದಿಯನ್ನೆಲ್ಲ ಒಪ್ಪಿಸಿದಳು. "ಪಾಪ, ಮೊಣಕಾಲು ಭಾಳ ನೋಯ್ತದೇನ್ರೀ?" ಎಂದು ಮುಖ ಸಣ್ಣ ಮಾಡಿ ಕೇಳಿದೆ. ಮೂಲೆಯಲ್ಲಿ ಇನ್ನೂ ಎರಡು ಚೀಲ ಹುಣಸೆಹಣ್ಣಿತ್ತು. ಮನೆಗೆ ಬಂದವಳೇ, ಅವಳು ಕೇಳಿಕೊಂಡು ಬಂದರೆ ಕಾಣದಿರಲೆಂದು, ನೋವಿನೆಣ್ಣೆಯ ಬಾಟಲಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದೆ.